ಮೇ ತಿಂಗಳ ಉಪ್ಪು

ನನ್ನ ಬಾಯಿ ದೊಡ್ಡದು. ಅತ್ತೆ ಬದುಕಿದ್ದಾಗ ಇದನ್ನು ನಯವಾಗಿ ಹೇಳುತ್ತಿದ್ದರು, ಗಂಡ ಈಗಲೂ ನೇರವಾಗಿ ಹೇಳುತ್ತಾರೆ, ಶಾಲೆಯ ಮಕ್ಕಳು ಬೆನ್ನ ಹಿಂದೆ ಹಿಂದಿಯಲ್ಲಿ ಹೇಳಿಕೊಳ್ಳುತ್ತಾರೆ. ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನಾನು ಫೋನು ಹಿಡಿದರೆ ಕೆಳಗಿನ ತರಕಾರಿ ಭಯ್ಯಾ ತಲೆಯೆತ್ತಿ ನೋಡುತ್ತಾನೆ. ಅದಕ್ಕೆಲ್ಲ ನಾನು ನಾಚಿಕೊಂಡವಳೇ ಅಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಎಲ್ಲರಿಗೂ ಉತ್ತರ ಕೊಟ್ಟುಕೊಂಡು ಬಂದವಳು. ಆದರೆ ಹೋದ ವರ್ಷ ಚೌತಿ ಕಳೆದ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ಒಬ್ಬಳೇ ಇರುವಾಗ ಮುಖ ಬಿಸಿಯಾಗುತ್ತದೆ.

ನಾನು ಇಲ್ಲಿಯ ಒಂದು ಶಾಲೆಯಲ್ಲಿ ಜೀವಶಾಸ್ತ್ರದ ಟೀಚರ್. ಅದಕ್ಕೂ ಮೊದಲು, ಮದುವೆಗೆ ಮುಂಚೆ, ಎಂಎಸ್ಸಿಯಲ್ಲಿ ಮರುವಾಯಿಯ ಮೇಲೆ ಪ್ರಬಂಧ ಬರೆದಿದ್ದೆ. ಮರುವಾಯಿ ಎಂದರೆ ಕರಾವಳಿಯಲ್ಲಿ ನದಿ ಸಮುದ್ರ ಸೇರುವ ಅಳಿವೆಯ ಕಡೆ ಮರಳಿನಡಿ ಹೂತುಕೊಂಡಿರುವ, ಎರಡು ಚಿಪ್ಪಿನ ಪ್ರಾಣಿ. ಅಕ್ಕಿಯ ಉಂಡೆಗಳಾದ ಪುಂಡಿಯ ಜೊತೆ ಬೇಯಿಸಿ ತಿಂದವರಿಗೆ ಅದರ ವಿವರಣೆ ಬೇಡ, ತಿನ್ನದವರಿಗೆ ಎಷ್ಟು ವಿವರಿಸಿದರೂ ಸಾಲದು. ನಾನು ಮಾಡಿದ ಕೆಲಸ ಇಷ್ಟೇ: ಚಿಪ್ಪನ್ನು ಒಂದು ಕಡೆ ಅರದಿಂದ ಉಜ್ಜಿ ತೆಳುವಾಗಿಸಿ ಬೆಳಕಿಗೆ ಹಿಡಿದರೆ ಒಳಗೆ ಹೃದಯ ಮಿಡಿಯುವುದು ಕಾಣುತ್ತದೆ. ಆಮೇಲೆ ನೀರಿನ ಉಪ್ಪನ್ನು ಬದಲಿಸುತ್ತ ಆ ಮಿಡಿತವನ್ನು ನೋಡುತ್ತ ಕೂರುವುದು.

ನಮ್ಮ ಮೈಯೊಳಗಿನ ಉಪ್ಪನ್ನು ನಮ್ಮ ಮೂತ್ರಪಿಂಡ ಕಾಯುತ್ತದೆ. ಮರುವಾಯಿಗೆ ಅಂಥ ಕಾವಲುಗಾರ ಇಲ್ಲ. ಹೊರಗಿನ ನೀರಿನಲ್ಲಿ ಎಷ್ಟು ಉಪ್ಪೋ ಅದರ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ. ನಿಧಾನವಾಗಿ ಬದಲಾದರೆ ಅದೂ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಬೇಸಿಗೆಯಲ್ಲಿ ಉಪ್ಪೇರಿದಾಗ ಜೀವಕೋಶಗಳ ಒಳಗೆ ಸಿಹಿ ರುಚಿಯ ಅಮೈನೋ ಆಮ್ಲಗಳನ್ನು ತುಂಬಿಕೊಳ್ಳುತ್ತದೆ, ಮಳೆಗಾಲದಲ್ಲಿ ನೀರು ಸಪ್ಪೆಯಾದಾಗ ಅದನ್ನೆಲ್ಲ ಬಿಟ್ಟುಕೊಡುತ್ತದೆ. ಬೇಸಿಗೆಯ ಮರುವಾಯಿ ಸಿಹಿ, ಮಳೆಗಾಲದ್ದು ಸಪ್ಪೆ ಎನ್ನುವುದು ಇದಕ್ಕೇ. ಆದರೆ ಉಪ್ಪು ಒಮ್ಮೆಲೇ ಏರಿದರೂ ಇಳಿದರೂ ಅದು ಚಿಪ್ಪು ಮುಚ್ಚಿಬಿಡುತ್ತದೆ. ಹೃದಯ ನಿಧಾನವಾಗುತ್ತದೆ, ಉಸಿರಾಟವಿಲ್ಲ, ಒಳಗೆ ಹುಳಿ ಹೆಚ್ಚುತ್ತದೆ. ಆ ಹುಳಿಯನ್ನು ತಡೆಯಲು ತನ್ನದೇ ಚಿಪ್ಪಿನ ಸುಣ್ಣವನ್ನು ಒಳಗಿನಿಂದ ಕರಗಿಸಿಕೊಳ್ಳುತ್ತದೆ. ಮದುವೆಯಾಗಿ ದೆಹಲಿಗೆ ಬಂದ ಹೆಣ್ಣುಮಕ್ಕಳೂ ಹೀಗೇ ಅಲ್ಲವೇ ಎಂದು ನಮ್ಮ ಕನ್ನಡ ಕೂಟದಲ್ಲಿ ಒಬ್ಬರು ಕಣ್ಣು ಒದ್ದೆ ಮಾಡಿಕೊಂಡಿದ್ದರು. ಮರುವಾಯಿಯ ಮೇಲೆ ಅಂಥ ಹೊರೆ ಹೊರಿಸಬೇಡಿ, ಪಾಪ ಎಂದಿದ್ದೆ.

ಊರಿನಲ್ಲಿ ನನಗೊಬ್ಬ ತಮ್ಮನಿದ್ದಾನೆ. ಓದು ನನಗೆ ಬಂತು, ಬೋಟಿನ ಕೆಲಸ ಅವನಿಗೆ ಬಂತು. ಬಲೆ ಎಳೆದೂ ಎಳೆದೂ ಹೆಗಲು ಹೋಗಿ, ಬೋಟಿನವರು ಇನ್ನು ಬರಬೇಡ ಎಂದರು. ಹೆಂಡತಿ ಬೀಡಿ ಕಟ್ಟಿ ಮನೆ ನಡೆಸುವುದನ್ನು ನೋಡುತ್ತ ಜಗಲಿಯಲ್ಲಿ ಕೂತಿರುವುದು ಅವನಿಗೆ ಆಗದು. ಹೋದ ವರ್ಷ ಸಣ್ಣ ದೋಣಿ ಇಟ್ಟುಕೊಂಡು ಮನೆಯ ಹಿಂದಿನ ನದಿಯಲ್ಲಿ ಸೊಂಟದುದ್ದ ನೀರಿಗಿಳಿದು ಮರುವಾಯಿ ಹೆಕ್ಕಲು ಶುರುಮಾಡಿದ್ದ. ಆದರೆ ಊರಿನಲ್ಲಿ ಹೆಕ್ಕುವವರು ಎಷ್ಟೋ ಜನ. ಒಬ್ಬ ಖಾಯಂ ಗಿರಾಕಿ ಸಿಕ್ಕಿದರೆ ಅವನು ತಲೆಯೆತ್ತಿ ನಿಲ್ಲುತ್ತಿದ್ದ.

ಆ ಗಿರಾಕಿಯನ್ನು ನಾನೇ ಹುಡುಕಿದೆ. ಕರೋಲ್ ಬಾಗಿನಲ್ಲಿ ನಮ್ಮ ಕಡೆಯವರದೊಂದು ಹಳೆಯ ಹೋಟೆಲು ಇದೆ. ಶುದ್ಧ ಸಸ್ಯಾಹಾರಿ. ಯಜಮಾನರು ಮಾತ್ರ ಮನೆಯಲ್ಲಿ ಬಂಗುಡೆ ಇಲ್ಲದೆ ತುತ್ತು ಎತ್ತುವವರಲ್ಲ; ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ನಾನು ಕಾಡಿಸುತ್ತೇನೆ, ಅವರು ನಗುತ್ತಾರೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ಟೀಚರೇ ಎನ್ನುತ್ತಾರೆ. ಅವರು ಘಾಜಿಯಾಬಾದಿನಲ್ಲಿ ಮೀನಿನ ಊಟದ ಇನ್ನೊಂದು ಹೋಟೆಲು ತೆರೆಯುವವರಿದ್ದರು. ಮರುವಾಯಿ ನನ್ನ ತಮ್ಮನಿಂದಲೇ ತರಿಸಿ ಎಂದೆ. “ಟೀಚರೇ, ಅದರಲ್ಲಿ ಓದಿದವರು ನೀವು. ನೀವು ಸರಿ ಅಂದ್ರೆ ನನಗೂ ಸರಿ,” ಎಂದರು. ಶನಿವಾರ ಮಧ್ಯಾಹ್ನ ಹೊಸ ಅಡುಗೆಮನೆಯಲ್ಲಿ ರುಚಿ ನೋಡುವುದು, ಒಪ್ಪಿಗೆಯಾದರೆ ವಾರ ವಾರ ತರಿಸುವುದು ಎಂದು ಮಾತಾಯಿತು.

ರಜೆ ಮುಗಿಸಿ ಬರುತ್ತಿದ್ದ ಹೋಟೆಲಿನ ಕೆಲಸದವನ ಕೈಯಲ್ಲಿ ತಮ್ಮ ಒಂದು ಮೂಟೆ ಕಳಿಸಿದ. ಒದ್ದೆ ಗೋಣಿಯಲ್ಲಿ ತಂಪಾಗಿಟ್ಟರೆ ಮರುವಾಯಿ ರೈಲು ಪ್ರಯಾಣ ತಾಳಿಕೊಳ್ಳುತ್ತದೆ. ಶುಕ್ರವಾರ ಶಾಲೆ ಮುಗಿಸಿ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋಗಿ ಇಳಿಸಿಕೊಂಡೆ. ಗೋಣಿ ಬಿಚ್ಚಿದಾಗ ಬಂದ ಆ ಕೆಸರು ವಾಸನೆಗೆ ಗಂಡ ಕಿಟಕಿ ತೆರೆದರು, ನಾನು ಇನ್ನಷ್ಟು ಬಗ್ಗಿ ಮೂಸಿದೆ. ಇನ್ನು ಅವು ಒಳಗಿನ ಮರಳನ್ನು ಉಗುಳಬೇಕು. ಅದಕ್ಕೆ ಒಂದು ರಾತ್ರಿ ಉಪ್ಪುನೀರಿನಲ್ಲಿ ಇಡುವುದು ಕ್ರಮ. ಊರಿನಲ್ಲಾದರೆ ಹೆಕ್ಕಿದ ಕಡೆಯ ನೀರನ್ನೇ ಕೊಡದಲ್ಲಿ ತಂದುಬಿಡುತ್ತಾರೆ, ಅಳತೆಯ ಪ್ರಶ್ನೆಯೇ ಇಲ್ಲ. ಇಲ್ಲಿ ನೀರನ್ನು ನಾನೇ ಮಾಡಬೇಕು.

ಮಾಡಿದೆ. ಎಷ್ಟು ಹೆಮ್ಮೆಯಿಂದ ಮಾಡಿದೆ! ಫಿಲ್ಟರ್ ನೀರು, ಅಂಗಡಿಯವನ ಹತ್ತಿರ ಜಗಳ ಮಾಡಿ ತಂದ ಹರಳುಪ್ಪು. ಲೀಟರಿಗೆ ಇಷ್ಟು ಎಂದು ಪ್ರಬಂಧದ ಕಾಲದ ಲೆಕ್ಕ ಬಾಯಲ್ಲೇ ಇತ್ತು. ಕಲಕಿ, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಮನೆಯ ಹಿಂದಿನ ನದಿ! ನಾನೂ ತಮ್ಮನೂ ಸಣ್ಣವರಿದ್ದಾಗ ಮುಳುಗೆದ್ದು ಬಾಯಿ ತುಂಬ ಕುಡಿದು ಉಗುಳಿದ ಅದೇ ನೀರು. ಗಂಡನಿಗೂ ಒಂದು ಹನಿ ನೆಕ್ಕಿಸಿದೆ. “ಅಬ್ಬಾ, ಸಮುದ್ರವನ್ನೇ ತಂದಿದ್ದೀಯ,” ಎಂದರು. ಕಣ್ಣಲ್ಲಿ ನೀರು ಬಂದಿತ್ತು ನನಗೆ.

ಬೆಳಿಗ್ಗೆ ನೋಡಿದರೆ ಬಕೆಟಿನ ತಳದಲ್ಲಿ ಮರಳೇ ಇಲ್ಲ. ಎಲ್ಲ ಚಿಪ್ಪೂ ಬಿಗಿಯಾಗಿ ಮುಚ್ಚಿದ್ದವು. ಪರವಾಗಿಲ್ಲ, ತಮ್ಮ ಚೊಕ್ಕ ಮಾಡಿಯೇ ಕಳಿಸಿದ್ದಾನೆ ಎಂದುಕೊಂಡೆ. ಭಾನುವಾರಕ್ಕೆಂದು ಒಂದು ಬೊಗಸೆ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಟ್ಟು, ಉಳಿದದ್ದನ್ನು ಗಾಡಿಯಲ್ಲಿ ಹಾಕಿಕೊಂಡು ಘಾಜಿಯಾಬಾದಿಗೆ ಹೊರಟೆ.

ಅಲ್ಲಿ ಯಜಮಾನರಿದ್ದರು, ಅವರ ಭಾವನೊಬ್ಬರಿದ್ದರು, ಊರಿನಿಂದಲೇ ಬಂದ ಅಡುಗೆಯವರಿದ್ದರು. ಬಿಸಿನೀರಿಗೆ ಹಾಕಿ ಬಾಯಿ ಬಿಡಿಸಿ, ಕಾಯಿ ಹುರಿದು ಸುಕ್ಕ ಮಾಡಿದರು. ಪರಿಮಳಕ್ಕೆ ಎಲ್ಲರೂ ಒಲೆಯ ಹತ್ತಿರ ಸರಿದರು. ಯಜಮಾನರು ಮೊದಲ ತುತ್ತು ಬಾಯಿಗಿಟ್ಟರು. ಕರಕರ ಎಂಬ ಸದ್ದು ನನ್ನವರೆಗೂ ಕೇಳಿತು. ಮರಳು. ಅವರು ಮರ್ಯಾದಸ್ಥರು, ಕರವಸ್ತ್ರ ಅಡ್ಡ ಹಿಡಿದು ಉಗುಳಿದರು. ನಾನೂ ತಿಂದೆ. ಮರಳು ಬಿಟ್ಟರೆ ಬರೀ ಸಪ್ಪೆ. ಅಡುಗೆಯವರು ಬುಟ್ಟಿಯಲ್ಲಿ ಉಳಿದಿದ್ದನ್ನು ಚಮಚದಿಂದ ತಟ್ಟಿ, “ಅಲ್ಲಾಡುವುದೇ ಇಲ್ಲ. ಸತ್ತದ್ದು ಕಾಣ್ತದೆ,” ಎಂದರು.

ಸತ್ತ ಮರುವಾಯಿ ಬಾಯಿ ಬಿಡುತ್ತದೆ. ಬದುಕಿದ್ದರೆ ಮಾತ್ರ ಮುಚ್ಚಿಕೊಂಡಿರಲು ಸಾಧ್ಯ. ಇದು ಕರಾವಳಿಯ ಯಾವ ಮಗುವಿಗೂ ಗೊತ್ತು, ನನ್ನ ಪ್ರಬಂಧದ ಮೊದಲ ಪುಟದಲ್ಲೂ ಇತ್ತು. ಆ ಹೊತ್ತಿಗೆ ಅಲ್ಲಿ ಯಾರಿಗೂ ಅದು ನೆನಪಾಗಲಿಲ್ಲ, ನನಗೂ. ನನಗೆ ಕಂಡದ್ದು ಯಜಮಾನರ ಕರವಸ್ತ್ರ ಒಂದೇ. ಇವರೆಲ್ಲರ ಮುಂದೆ ನನ್ನ ಓದಿಗೆ, ನನ್ನ ಮಾತಿಗೆ ಬೆಲೆ ಹೋಯಿತಲ್ಲ ಎಂದು ತಲೆಗೆ ರಕ್ತ ಏರಿತು. ಫೋನು ತೆಗೆದು ತಮ್ಮನಿಗೆ ಮಾಡಿದೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೇ ಹಾಕಿದೆ. ನಾವು ಆಡಿದ್ದು ತುಳು, ಅಲ್ಲಿದ್ದ ಎಲ್ಲರಿಗೂ ಅರ್ಥವಾಗುವ ಭಾಷೆ.

“ಎಂಥದ್ದು ಮಾರಾಯ ಕಳಿಸಿದ್ದು ನೀನು? ಸತ್ತ ಸರಕು! ಬಾಯಿ ತುಂಬ ಮರಳು! ನನ್ನ ಮರ್ಯಾದೆ ತೆಗೀಲಿಕ್ಕೇ ಕಾದಿದ್ದೆಯಾ? ಬೋಟಿನವರು ನಿನ್ನನ್ನು ಸುಮ್ಮನೆ ಬಿಡಿಸಲಿಲ್ಲ.”

ಆ ಕಡೆ ಮಳೆ ಸುರಿಯುತ್ತಿತ್ತು. “ಕಳಿಸುವಾಗ ಸರಿ ಇತ್ತು ಅಕ್ಕ,” ಎಂದ.

“ಸರಿ ಇದ್ದರೆ ಇಲ್ಲಿ ಯಾಕೆ ಹೀಗಾಯ್ತು? ಆ ಕೆಸರಿನದ್ದು ಬೇಡ. ಅಳಿವೆಯ ಹತ್ತಿರದ ಉಪ್ಪುನೀರಿನದ್ದು ಕಳಿಸು. ಮೈ ಬಗ್ಗಿಸಿ ಕೆಲಸ ಮಾಡು ಸ್ವಲ್ಪ.”

“ಆಯ್ತು ಅಕ್ಕ.”

ಯಜಮಾನರು, “ಬಿಡಿ ಟೀಚರೇ, ತಮ್ಮ ಅಲ್ವಾ,” ಎಂದು ನನ್ನನ್ನೇ ಸಮಾಧಾನ ಮಾಡಿದರು. ಬುಟ್ಟಿಯಲ್ಲಿ ಉಳಿದಿದ್ದನ್ನೆಲ್ಲ ಅಡುಗೆಯವರು ಹಿಂದಿನ ಕಸದ ಡ್ರಮ್ಮಿಗೆ ಸುರಿದರು. ಕಲ್ಲು ಸುರಿದ ಹಾಗೆ ಸದ್ದಾಯಿತು. ಇನ್ನೊಮ್ಮೆ ನೋಡೋಣ ಎಂದು ಯಜಮಾನರು ಹೇಳಿದ್ದು ನನ್ನ ಮುಖ ನೋಡಿಯೇ ಹೊರತು ತಮ್ಮನ ಮೇಲಿನ ನಂಬಿಕೆಯಿಂದಲ್ಲ.

ಭಾನುವಾರ ಬೆಳಿಗ್ಗೆ ಫ್ರಿಜ್ಜಿನಲ್ಲಿದ್ದ ಬೊಗಸೆಯಷ್ಟು ಮರುವಾಯಿಯ ನೆನಪಾಯಿತು. ಅವೂ ಸತ್ತಿರಬೇಕು, ಎಸೆಯುವ ಮೊದಲು ಒಮ್ಮೆ ತೊಳೆದು ನೋಡೋಣ ಎಂದುಕೊಂಡೆ. ಹರಳುಪ್ಪೆಲ್ಲ ಬಕೆಟಿಗೇ ಖರ್ಚಾಗಿ ಡಬ್ಬದ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು. ಇದ್ದಷ್ಟನ್ನು ಪಾತ್ರೆಯ ನೀರಿಗೆ ಉದುರಿಸಿ, ಮರುವಾಯಿ ಹಾಕಿ, ದೋಸೆ ಹೊಯ್ಯಲು ನಿಂತೆ. ಗಂಡನ ದೋಸೆಗಳು ಮುಗಿದು ನನ್ನದು ಕಾವಲಿಯ ಮೇಲಿದ್ದಾಗ ಬೆನ್ನ ಹಿಂದೆ ಚಿಳ್ ಎಂದಿತು. ತಿರುಗಿದೆ. ಕಟ್ಟೆಯ ಮೇಲೆ ನೀರಿನ ಗೆರೆ. ಪಾತ್ರೆಯೊಳಗೆ ಒಂದೊಂದೂ ಬಾಯಿ ತೆರೆದು, ಎರಡೆರಡು ಸಣ್ಣ ಕೊಳವೆಗಳನ್ನು ಹೊರಗೆ ಚಾಚಿ, ಮರಳು ಉಗುಳುತ್ತ ಕೂತಿದ್ದವು. ಬೆರಳು ತಾಗಿಸಿದರೆ ಟಪ್ಪನೆ ಮುಚ್ಚಿಕೊಂಡವು.

ದೋಸೆ ಸೀದುಹೋಯಿತು. ನನಗೆ ಆ ಕ್ಷಣದಲ್ಲೇ ಎಲ್ಲ ತಿಳಿದಿತ್ತು, ಯಾರೂ ಹೇಳಿಕೊಡಬೇಕಿರಲಿಲ್ಲ. ಮಳೆಗಾಲ. ಊರಿನಲ್ಲಿ ತಿಂಗಳುಗಟ್ಟಲೆ ಸುರಿದು ನದಿ ಅಳಿವೆಯವರೆಗೂ ಸಿಹಿನೀರಾಗಿತ್ತು. ಸಪ್ಪೆ ನೀರಿಗೆ ಮೈಯನ್ನೇ ಹೊಂದಿಸಿಕೊಂಡಿದ್ದ ಪ್ರಾಣಿಗಳನ್ನು ನಾನು ಎತ್ತಿ ಒಮ್ಮೆಲೇ ಕಡಲಿನಷ್ಟು ಉಪ್ಪಿಗೆ ಹಾಕಿದ್ದೆ. ಅವು ಬಾಗಿಲು ಹಾಕಿಕೊಂಡವು. ಬಾಗಿಲು ಹಾಕಿಕೊಂಡವು ಮರಳು ಉಗುಳುವುದು ಹೇಗೆ? ನಮ್ಮ ಶಾಲೆಗೆ ರಜೆ ಸಿಗುವುದು ಬೇಸಿಗೆಯಲ್ಲಿ. ಮದುವೆಯಾದಂದಿನಿಂದ ನಾನು ಊರಿಗೆ ಹೋಗುವುದು ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮೊದಲು ರೈಲು ಹತ್ತುವುದು. ನನ್ನ ನಾಲಿಗೆಯಲ್ಲಿ ಉಳಿದಿದ್ದದ್ದು ಮೇ ತಿಂಗಳ ನದಿ ಒಂದೇ. ಚೌತಿಯ ಹಿಂದಿನ ದಿನ ತಮ್ಮ ಮನೆಯ ಹಿಂದೆ ಕೆಂಪಗೆ ಉಕ್ಕಿ ಹರಿಯುವ ನೀರಿನ ವಿಡಿಯೋ ಕಳಿಸಿದ್ದ. ನೋಡದೆಯೇ ಒಂದು ಹೃದಯದ ಚಿತ್ರ ಒತ್ತಿ ಕಳಿಸಿದ್ದೆ.

ಫೋನು ಮಾಡಿದೆ. ಸ್ವಿಚ್ ಆಫ್. ತಮ್ಮನ ಹೆಂಡತಿಗೆ ಮಾಡಿದೆ.

“ಅವರು ಬೆಳಿಗ್ಗೆಯೇ ಅಳಿವೆಗೆ ಹೋದರು ಅಕ್ಕ,” ಎಂದಳು. “ನೀವು ಉಪ್ಪುನೀರಿನದ್ದೇ ಬೇಕು ಅಂದದ್ದಲ್ವಾ?”

“ಈ ಮಳೆಯಲ್ಲಿಯಾ? ಅಲ್ಲಿ ಸೆಳೆತ ಇಲ್ವಾ?”

“ಉಂಟು.” ಅಲ್ಲಿ ನದಿಯೂ ಕಡಲೂ ಒಂದನ್ನೊಂದು ತಳ್ಳುವ ಜಾಗ ಎಂಥದ್ದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ಹೆಗಲಿನವನು ಅಲ್ಲಿ ನೀರಿಗಿಳಿದಿದ್ದ, ನಾನು ಮೈ ಬಗ್ಗಿಸು ಎಂದದ್ದಕ್ಕೆ.

ಮಧ್ಯಾಹ್ನದವರೆಗೆ ಪಾತ್ರೆಯ ಮುಂದೆ ಕೂತಿದ್ದೆ. ಗಂಡ ಏನೋ ತಮಾಷೆ ಮಾಡಲು ಬಂದವರು ನನ್ನ ಮುಖ ನೋಡಿ ಹಿಂದಕ್ಕೆ ಹೋದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ಅಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡೇ ಹೇಳುತ್ತಿದ್ದಳು. ಕೊಯ್ದದ್ದು ನನ್ನ ಮೂಗಾಗಿದ್ದರೆ ಚಿಂತೆಯಿರಲಿಲ್ಲ. ಪಾತ್ರೆಯೊಳಗಿನವು ಮಾತ್ರ ಆರಾಮವಾಗಿ ಉಸಿರಾಡುತ್ತಿದ್ದವು.

ಕೊನೆಗೆ ಅವನೇ ಫೋನು ಮಾಡಿದ. ಗಂಟಲು ಒಡೆದಿತ್ತು, ಆದರೂ ಉತ್ಸಾಹದಲ್ಲಿದ್ದ. “ಅಕ್ಕ, ಸಿಕ್ಕಿತು. ಈ ಸಲ ಕಡಲಿನ ಬದಿಯದ್ದೇ. ಕಮ್ಮಿ ಉಂಟು, ಆದರೆ ಫಸ್ಟ್ ಕ್ಲಾಸ್.”

ಹೇಳಿದೆ. ಬಕೆಟು, ಉಪ್ಪು, ಮೇ ತಿಂಗಳು, ಪಾತ್ರೆಯಲ್ಲಿ ಬಾಯಿ ತೆರೆದದ್ದು, ಎಲ್ಲ. ತಪ್ಪು ನನ್ನದು ಎಂದೆ. ಬೈಯಲಿ ಎಂದು ಕಾದೆ. ಅವನು ಫೋನಿನಿಂದ ಮುಖ ತಿರುಗಿಸಿ ಹೆಂಡತಿಗೆ ಹೇಳಿದ್ದು ಕೇಳಿಸಿತು: “ಕೇಳಿತಾ? ಅವು ಸತ್ತಿರಲಿಲ್ಲವಂತೆ.” ಪರೀಕ್ಷೆ ಪಾಸಾದ ಹುಡುಗನ ಧ್ವನಿ. ಶನಿವಾರದಿಂದ ಆ ಮನೆಯಲ್ಲಿ ಏನು ನಡೆದಿರಬಹುದು ಎಂದು ಆಗ ಹೊಳೆಯಿತು.

“ಉಳಿದದ್ದು ಎಂತ ಮಾಡಿದಿರಿ ಅಕ್ಕ?”

“ಬಿಸಾಡಿದರು.”

“ಜೀವ ಇರುವಾಗಲೇ?”

“ಹೌದು.”

“ಛೆ,” ಎಂದ. ಆಮೇಲೆ ತಡೆದು ತಡೆದು ಕೇಳಿದ, “ಹೋಟೆಲಿನವರಿಗೆ ಒಂದು ಮಾತು ಹೇಳ್ತಿಯಾ?”

ಸೋಮವಾರ ಶಾಲೆಯಿಂದ ನೇರ ಮೆಟ್ರೋ ಹಿಡಿದು ಕರೋಲ್ ಬಾಗಿಗೆ ಹೋದೆ. ಬರೀ ಬಾಯಿಮಾತು ಸಾಲದು ಎಂದು ಬೆಳಿಗ್ಗೆಯೇ ಆ ಮರುವಾಯಿಗಳನ್ನು ಅವುಗಳ ನೀರಿನ ಸಮೇತ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಮಧ್ಯಾಹ್ನದ ಊಟದ ಜನ ಇನ್ನೂ ಇದ್ದರು. ಯಜಮಾನರು ದೇವರ ಪಟದ ಕೆಳಗೆ ಗಲ್ಲಾದಲ್ಲಿ ಕೂತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿ, “ಬೇಕಾದರೆ ನೋಡಿ ಅಣ್ಣ,” ಎಂದು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ.

ಅವರು ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದರು. “ಅಯ್ಯೋ ಟೀಚರೇ, ಇಲ್ಲಿ ತೆರೀಬೇಡಿ! ಹಿಂದೆ ಬೋರ್ಡ್ ನೋಡಿ. ಯಾರಾದರೂ ಕಂಡರೆ ನನ್ನ ಕಥೆ ಮುಗೀತು.” ಸಾಲಿನಲ್ಲಿ ನಿಂತಿದ್ದವರೊಬ್ಬರು, “ಕ್ಯಾ ಹೈ ಡಬ್ಬೇ ಮೇ?” ಎಂದು ನಕ್ಕರು. ಶುದ್ಧ ಸಸ್ಯಾಹಾರಿ ಹೋಟೆಲಿನ ಗಲ್ಲಾದ ಮುಂದೆ ಜೀವಂತ ಮರುವಾಯಿ ಹಿಡಿದುಕೊಂಡು ನಿಂತಿದ್ದೇನೆ ಎಂದು ಆಗ ನನಗೆ ಅರಿವಾಯಿತು. ಡಬ್ಬಿಯನ್ನು ಚೀಲಕ್ಕೆ ತುರುಕಿದೆ.

“ಹೊರಗೆ ಬನ್ನಿ ಅಣ್ಣ, ತೋರಿಸ್ತೇನೆ.”

“ನೋಡುವುದೆಂಥದ್ದು?” ಯಜಮಾನರು ನಗುತ್ತಲೇ ಇದ್ದರು, ಒಳ್ಳೆಯ ನಗು. “ತಮ್ಮನಿಗಾಗಿ ಎಷ್ಟು ಚೆನ್ನಾಗಿ ಕಥೆ ಕಟ್ಟಿದಿರಿ! ಒಡಹುಟ್ಟಿದವರು ಅಂದ್ರೆ ಹೀಗಿರಬೇಕು. ನಾನೇನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಚಲೋ, ಕಾಫಿ ಕುಡೀರಿ.” ನಾನು ಮತ್ತೆ ಹೇಳಿದೆ, ಸ್ವರ ಏರಿಸಿಯೇ ಹೇಳಿದೆ. ಅವರು ಮತ್ತಷ್ಟು ಮೆಚ್ಚಿಗೆಯಿಂದ ನನ್ನನ್ನು ನೋಡಿದರು. ನಾನು ಬೈದದ್ದನ್ನು ಒಂದೇ ಸಲಕ್ಕೆ ನಂಬಿದ್ದ ಮನುಷ್ಯ, ನಿಜವನ್ನು ಎರಡು ಸಲ ಹೇಳಿದರೂ ನಂಬಲಿಲ್ಲ. ಕಾಫಿ ಕುಡಿದೆ. ಮನೆಗೆ ಬಂದು ಡಬ್ಬಿ ತೆರೆದರೆ ಕುಲುಕಾಟಕ್ಕೆ ಎಲ್ಲವೂ ಮುಚ್ಚಿಕೊಂಡಿದ್ದವು.

ಎರಡನೆಯ ಮೂಟೆ ಅದೇ ವಾರ ಬಂತು. ಅಳಿವೆಯ ಆಚೆ ಬದಿಯದ್ದು, ಕಡಲ ನೀರು ಕುಡಿದದ್ದು. ಈ ಸಲ ತಮ್ಮ ಒಂದು ಬಾಟಲಿಯಲ್ಲಿ ಅಲ್ಲಿಯ ನೀರನ್ನೂ ಕಳಿಸಿದ್ದ. ಅದರ ರುಚಿ ನೋಡಿ ಅಷ್ಟೇ ಉಪ್ಪಿನ ನೀರು ಮಾಡಿದೆ. ಬೆಳಗಾಗುವಾಗ ಬಕೆಟಿನ ತಳದಲ್ಲಿ ಮರಳು ದಪ್ಪಗೆ ಕೂತಿತ್ತು. ಘಾಜಿಯಾಬಾದಿನಲ್ಲಿ ಯಜಮಾನರು ಬೆರಳು ನೆಕ್ಕಿಕೊಂಡರು. ನಾನೂ ಒಂದು ತಿಂದೆ. ಸಿಹಿಯಾಗಿತ್ತು. ಎರಡನೆಯದಕ್ಕೆ ಕೈ ಹಾಕಲಿಲ್ಲ.

“ನೋಡಿದಿರಾ, ನೀವು ಬೈದದ್ದು ನಾಟಿತು,” ಎಂದರು ಯಜಮಾನರು. “ಹುಡುಗ ಸರಿಹೋದ. ಇನ್ನು ವಾರ ವಾರ ಇದೇ ಜಾಗದ್ದು ಕಳಿಸಲಿಕ್ಕೆ ಹೇಳಿ.”

“ಅವನದೇನೂ ತಪ್ಪಿರಲಿಲ್ಲ ಅಣ್ಣ.”

“ಆಯ್ತು ಆಯ್ತು,” ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಅಡುಗೆಯವರು ನಕ್ಕರು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಆ ಸಂಜೆ ತಮ್ಮನಿಗೆ ಫೋನು ಮಾಡಿ ವಿಷಯ ಹೇಳಿದೆ. ಇನ್ನು ಅಳಿವೆಗೆ ಹೋಗಬೇಡ, ಬೇಡಿಕೊಳ್ಳುತ್ತೇನೆ ಎಂದೆ. ಮಳೆ ಪೂರ್ತಿ ನಿಂತರೆ ಮನೆಯ ಹಿಂದೆಯೂ ಉಪ್ಪೇರುತ್ತದೆ, ಆಗ ಅಲ್ಲಿಯದ್ದೇ ಸಿಹಿಯಾಗುತ್ತದೆ, ಅಷ್ಟರವರೆಗೆ ತಡಿ, ನಾನು ಅವರಿಗೆ ಏನಾದರೂ ಹೇಳುತ್ತೇನೆ ಎಂದೆ. ಇಷ್ಟು ಮೆಲ್ಲಗೆ ಮಾತಾಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲಿರಬೇಕು.

“ಬೇಡ ಅಕ್ಕ,” ಎಂದ. “ಅವರು ಕೇಳಿದ್ದು ಅಳಿವೆಯದ್ದು. ಒಮ್ಮೆ ಹೆಸರು ಹಾಳಾಯ್ತು, ಇನ್ನೊಮ್ಮೆ ಆಗುವುದು ಬೇಡ.”

“ಹಾಳು ಮಾಡಿದ್ದು ನೀನಲ್ಲ ಮಾರಾಯ, ನಾನು.”

“ಅದು ನನಗೆ ಗೊತ್ತುಂಟಲ್ಲ ಅಕ್ಕ. ಅವರಿಗೆ ಗೊತ್ತಿಲ್ಲ.”

ಬೆಳಿಗ್ಗೆ ಬೇಗ ಹೊರಡಲಿಕ್ಕುಂಟು ಎಂದು ಹೇಳಿ ಫೋನಿಟ್ಟ.